ನೀಲಿ ಗುಳಿಗೆಯ ಅಧ್ಯಯನ: ನಮ್ಮ ಹುಡುಗ ಹುಡುಗಿಯರು ಸಂಶೋಧಕರೋ, ಫಾರಂ ತುಂಬುವವರೋ?

ಪ್ರಶ್ನೆ: ಜೀವಶಾಸ್ತ್ರ ಉಪನ್ಯಾಸಕಿ, ಲಿಂಗಸುಗೂರು ತಾಲೂಕು

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನ ಒಂದು ಹಳ್ಳಿಯ ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ರಾಷ್ಟ್ರೀಯ ಸೇವಾ ಯೋಜನೆಯ ಘಟಕದ ಹೊಣೆಯೂ ನನ್ನ ಮೇಲಿದೆ. ಪ್ರೌಢಶಾಲೆಯೂ ಅದೇ ಆವರಣದಲ್ಲಿ ಇರುವುದರಿಂದ, ವಾರಕ್ಕೊಮ್ಮೆ ಕಬ್ಬಿಣಾಂಶದ ನೀಲಿ ಗುಳಿಗೆ ಹಂಚುವ ದಿನ ಎರಡೂ ಕಡೆಯ ಮಕ್ಕಳು ಒಂದೇ ಅಂಗಳದಲ್ಲಿ ಸಾಲುಗಟ್ಟಿ ನಿಲ್ಲುತ್ತಾರೆ. ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಕಸ ಗುಡಿಸುವ ಅಕ್ಕ ನನ್ನನ್ನು ಕಾಂಪೌಂಡಿನ ಹಿಂದಕ್ಕೆ ಕರೆದುಕೊಂಡು ಹೋಗಿ, ಬೇವಿನ ಮರದ ಬುಡದಲ್ಲಿ ಮಳೆನೀರು ನಿಂತಿದ್ದ ಒಂದು ಗುಂಡಿಯನ್ನು ತೋರಿಸಿದರು. ನೀರು ನಸುನೀಲಿಯಾಗಿತ್ತು. ಪೊರಕೆಯ ಹಿಡಿಯಿಂದ ಕೆದಕಿದಾಗ ಅರೆಬರೆ ಕರಗಿದ ಗುಳಿಗೆಗಳು ಒಂದು ಬೊಗಸೆಯಷ್ಟು ಮೇಲೆ ಬಂದವು. ರಜಿಸ್ಟರಿನಲ್ಲಿ ಮಾತ್ರ ಪ್ರತಿಯೊಂದು ಹೆಸರಿನ ಮುಂದೆಯೂ ನುಂಗಿದ ಗುರುತು ಬಿದ್ದಿತ್ತು, ಮತ್ತು ಆ ಗುರುತುಗಳಲ್ಲಿ ಅರ್ಧದಷ್ಟನ್ನು ಹಾಕಿದವಳು ನಾನೇ.

ಇದನ್ನು ಕುರಿತು ಯೋಚಿಸುತ್ತಿರುವಾಗಲೇ ನಗರದ ಸಂಸ್ಥೆಯೊಂದು ನಮ್ಮನ್ನು ಸಂಪರ್ಕಿಸಿತು. ಹದಿಹರೆಯದವರ ರಕ್ತಹೀನತೆಯ ಬಗ್ಗೆ ‘ಯುವಜನರ ಸಹಭಾಗಿತ್ವದ ಸಂಶೋಧನೆ’ ಮಾಡುತ್ತೇವೆ, ನಿಮ್ಮ 20 ವಿದ್ಯಾರ್ಥಿಗಳನ್ನು ಕೊಡಿ ಎಂದು ಕೇಳಿತು. ನನಗೆ ಸಂತೋಷವೇ ಆಯಿತು. ಆದರೆ ಅವರು ಕಳುಹಿಸಿದ ಕಡತವನ್ನು ತೆರೆದು ನೋಡಿದರೆ ಅದರಲ್ಲಿ 14 ಪುಟಗಳ ಸಿದ್ಧ ಪ್ರಶ್ನಾವಳಿ ಇತ್ತು. ಒಬ್ಬೊಬ್ಬ ವಿದ್ಯಾರ್ಥಿ 15 ಮನೆಗಳಿಗೆ ಹೋಗಿ ಅದನ್ನು ತುಂಬಿಸಿಕೊಂಡು ಬರಬೇಕು, ಕೊನೆಯಲ್ಲಿ ಎಲ್ಲರಿಗೂ ಪ್ರಮಾಣಪತ್ರ ಸಿಗುತ್ತದೆ, ಅಷ್ಟೇ. ‘ಕಳೆದ ಋತುಚಕ್ರದ ಅವಧಿಯಲ್ಲಿ ತಾವು ಅನುಭವಿಸಿದ ಆಯಾಸದ ತೀವ್ರತೆಯನ್ನು ಒಂದರಿಂದ ಐದರವರೆಗೆ ಸೂಚಿಸಿ’ ಎಂಬಂಥ ವಾಕ್ಯವನ್ನು ನನ್ನ ವಿದ್ಯಾರ್ಥಿನಿ ತನ್ನ ಚಿಗವ್ವನ ಮುಂದೆ ಕುಳಿತು ಹೇಗೆ ಓದಬೇಕು ಎಂಬುದು ನನಗಂತೂ ತಿಳಿಯಲಿಲ್ಲ.

ಮಕ್ಕಳನ್ನು ನಿಜವಾದ ಅರ್ಥದಲ್ಲಿ ಸಹ-ಸಂಶೋಧಕರನ್ನಾಗಿ ಸೇರಿಸಿಕೊಳ್ಳುವುದು ಎಂದರೆ ಏನು, ಅದನ್ನು ಎಲ್ಲಿಂದ ಆರಂಭಿಸಬೇಕು, 18 ತುಂಬದವರ ವಿಷಯದಲ್ಲಿ ಯಾರ ಒಪ್ಪಿಗೆ ಪಡೆಯಬೇಕು ಎಂಬುದನ್ನು ಅನುಭವ ಇರುವವರು ತಿಳಿಸಿಕೊಡಬೇಕೆಂದು ವಿನಂತಿ. ಸಂಸ್ಥೆಗೆ ಹೌದು ಎನ್ನಬೇಕೋ ಬೇಡವೋ ಎಂಬುದನ್ನು ಈ ತಿಂಗಳೊಳಗೆ ತಿಳಿಸಬೇಕಾಗಿದೆ. ನಮ್ಮ ಮಕ್ಕಳಿಂದ ಬಿಟ್ಟಿ ಚಾಕರಿ ಮಾಡಿಸಿಕೊಳ್ಳುವುದಕ್ಕೆ ನಾನೇ ದಾರಿ ಮಾಡಿಕೊಟ್ಟಂತೆ ಆಗಬಾರದು.

ಉತ್ತರ 1: ಸಮುದಾಯ ಆರೋಗ್ಯ ಕಾರ್ಯಕರ್ತ, ಕೊಪ್ಪಳ

ಮೇಡಂ, ನಿಮ್ಮ ಅನುಮಾನ ಸರಿಯಾಗಿಯೇ ಇದೆ. ರೋಜರ್ ಹಾರ್ಟ್ ಎಂಬವರು 1992ರಲ್ಲಿ ಯುನಿಸೆಫ್‌ಗಾಗಿ ಬರೆದ ಪ್ರಬಂಧವೊಂದರಲ್ಲಿ ಮಕ್ಕಳ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲುಗಳ ಏಣಿಯಾಗಿ ಚಿತ್ರಿಸಿದರು. ಮಕ್ಕಳನ್ನು ದಾಳವಾಗಿ ಬಳಸುವುದು, ಅಲಂಕಾರಕ್ಕೆ ನಿಲ್ಲಿಸುವುದು, ತೋರಿಕೆಗೆ ಸೇರಿಸಿಕೊಳ್ಳುವುದು ಎಂಬ ಕೆಳಗಿನ ಮೂರು ಮೆಟ್ಟಿಲುಗಳನ್ನು ಅವರು ಭಾಗವಹಿಸುವಿಕೆ ಎಂದು ಒಪ್ಪಲೇ ಇಲ್ಲ. ದೊಡ್ಡವರು ವಹಿಸಿದ ಕೆಲಸವನ್ನೇ ಮಾಡುತ್ತಿದ್ದರೂ ಅದು ಏಕೆ, ಯಾರಿಗಾಗಿ ಎಂಬುದು ಮಕ್ಕಳಿಗೆ ಚೆನ್ನಾಗಿ ಗೊತ್ತಿದ್ದರೆ ಅದು ನಾಲ್ಕನೆಯ ಮೆಟ್ಟಿಲು. ನಿಮ್ಮ ಕೈಗೆ ಬಂದಿರುವ 14 ಪುಟಗಳ ಕಡತ, ತುಂಬಾ ಒಳ್ಳೆಯ ಮನಸ್ಸಿನಿಂದ ನೋಡಿದರೂ, ಆ ನಾಲ್ಕನೆಯ ಮೆಟ್ಟಿಲಿನ ಹತ್ತಿರ ನಿಂತಿದೆ. ಅಲ್ಲಿ ನಿಲ್ಲುವುದೇನೂ ಅಪರಾಧವಲ್ಲ. ಅದನ್ನು ಸಹಭಾಗಿತ್ವ ಎಂದು ಕರೆಯುವುದಕ್ಕೆ ಮಾತ್ರ ನನ್ನ ತಕರಾರಿದೆ.

ಇನ್ನೊಂದು ಗೊಂದಲವನ್ನೂ ಮೊದಲೇ ಬಿಡಿಸಿಕೊಳ್ಳುವುದು ಒಳ್ಳೆಯದು. 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 10ರಿಂದ 19 ವರ್ಷದವರ ನಡುವಿನಿಂದಲೇ ಕೆಲವರನ್ನು ಆರಿಸಿ, ಅವರಿಗೆ ತರಬೇತಿ ಕೊಟ್ಟು, ಓರಗೆಯವರಿಗೆ ಆರೋಗ್ಯದ ವಿಷಯ ತಿಳಿಸುವ ಕೆಲಸವನ್ನು ವಹಿಸುತ್ತಾರೆ. ಅದು ಬೇಕಾದ ಕೆಲಸವೇ. ಆದರೆ ದೊಡ್ಡವರು ಹೇಳಿಕೊಟ್ಟದ್ದನ್ನು ಮುಂದಕ್ಕೆ ಮುಟ್ಟಿಸುವ ಹುಡುಗಿಗೂ, ತಾನು ಕಂಡದ್ದರಿಂದ ಪ್ರಶ್ನೆ ಹುಟ್ಟಿಸಿ ಅದಕ್ಕೆ ಉತ್ತರ ಹುಡುಕುವ ಹುಡುಗಿಗೂ ಅಂತರವಿದೆ. ಮೊದಲನೆಯವಳಿಗೆ ಉತ್ತರ ಆಗಲೇ ಕೊಟ್ಟಾಗಿದೆ.

ನಮ್ಮ ಅನುಭವವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯಲ್ಲಿ ಇದೇ ನೀಲಿ ಗುಳಿಗೆಯ ವಿಷಯವಾಗಿ ನಾವೂ ಕೆಲಸ ಮಾಡಿದ್ದೆವು. ನಾವು ಮೊದಲು ಸಿದ್ಧಪಡಿಸಿದ್ದ ಪ್ರಶ್ನಾವಳಿಯಲ್ಲಿ ಗುಳಿಗೆಯ ಬಗ್ಗೆ ಮಾಹಿತಿ ಇದೆಯೇ, ಅದರ ಲಾಭಗಳು ಗೊತ್ತೇ, ಮನೆಯವರ ವಿರೋಧವಿದೆಯೇ ಎಂಬ ಮಾಮೂಲಿ ಪ್ರಶ್ನೆಗಳಿದ್ದವು. ಹುಡುಗಿಯರ ಗುಂಪು ಒಂದು ಮಧ್ಯಾಹ್ನ ಶಾಲೆಯ ವರಾಂಡದಲ್ಲಿ ಕುಳಿತು, ವಾರದ ಏಳು ದಿನಗಳಿಗೆ ಏಳು ಗೆರೆ ಎಳೆದು, ಯಾವ ದಿನ ಎಷ್ಟು ಹೊತ್ತಿಗೆ ಏನು ಉಣ್ಣುತ್ತೇವೆ ಎಂದು ಹುಣಸೆ ಬೀಜ ಇಡುತ್ತಾ ಹೋಯಿತು. ಸೋಮವಾರದ ಗೆರೆಯಲ್ಲಿ ಬೆಳಗಿನ ಮನೆ ಖಾಲಿಯಾಗಿಯೇ ಉಳಿಯಿತು. ಏಕೆ ಎಂದು ಕೇಳಿದಾಗ ಅವರು ನಮ್ಮನ್ನು ನೋಡಿದ ರೀತಿ ಇಂದಿಗೂ ನೆನಪಿದೆ, ಇಷ್ಟೂ ಗೊತ್ತಿಲ್ಲವೇ ಎಂಬಂತೆ. ‘ಸೋಮಾರ ವಾರ ಹಿಡೀತೀವಲ್ಲರೀ, ಖಾಲಿ ಹೊಟ್ಟ್ಯಾಗ ಗುಳಗಿ ನುಂಗಿದ್ರ ಹೊಟ್ಟಿ ತೊಳಸ್ತದ’ ಎಂದಳು ಒಬ್ಬಳು. ಆ ಶಾಲೆಯಲ್ಲಿ ಗುಳಿಗೆ ಹಂಚುತ್ತಿದ್ದುದು ಸೋಮವಾರ ಬೆಳಿಗ್ಗೆ, ಪ್ರಾರ್ಥನೆ ಮುಗಿದ ಕೂಡಲೇ. ಕಬ್ಬಿಣಾಂಶದ ಗುಳಿಗೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ ಬರುವುದು ಸಾಮಾನ್ಯ. ಊಟವಾದ ಮೇಲೆ ಕೊಡಬೇಕೆಂಬ ಸೂಚನೆ ಇರುವುದೂ ಅದಕ್ಕಾಗಿಯೇ. ನಮ್ಮ ಯಾವ ಪ್ರಶ್ನಾವಳಿಯಲ್ಲೂ ‘ನೀವು ವಾರ ಹಿಡಿಯುತ್ತೀರಾ’ ಎಂಬ ಪ್ರಶ್ನೆ ಇರಲಿಲ್ಲ. ಇರುವುದಕ್ಕೆ ಸಾಧ್ಯವೂ ಇರಲಿಲ್ಲ, ಏಕೆಂದರೆ ಅದನ್ನು ಬರೆದವರಲ್ಲಿ ಯಾರೂ ಸೋಮವಾರ ಒಪ್ಪತ್ತು ಮಾಡುವವರಾಗಿರಲಿಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟು. ಮೊದಲ ಒಂದು ತಿಂಗಳು ಪ್ರಶ್ನಾವಳಿಯನ್ನು ಬೀರುವಿನಲ್ಲಿಡಿ. ಊರಿನ ನಕ್ಷೆಯನ್ನು ಮಕ್ಕಳೇ ನೆಲದ ಮೇಲೆ ಬರೆಯಲಿ. ವರ್ಷದ ಹನ್ನೆರಡು ತಿಂಗಳನ್ನು ಕಾರ ಹುಣ್ಣಿಮೆ, ದಸರಾ, ದೀಪಾವಳಿ, ಯುಗಾದಿ ಎಂದು ತಮ್ಮ ಲೆಕ್ಕದಲ್ಲಿಯೇ ಗುರುತಿಸಿ, ಹತ್ತಿಯ ಕ್ರಾಸಿಂಗಿಗೆ (ಬೀಜಕ್ಕಾಗಿ ಹೂವಿಗೆ ಕೈಯಿಂದ ಪರಾಗ ಮುಟ್ಟಿಸುವ ಕೆಲಸಕ್ಕೆ) ಯಾವಾಗ ಹೋಗುತ್ತಾರೆ, ಹತ್ತಿ ಬಿಡಿಸುವುದಕ್ಕೆ ಯಾವಾಗ, ಮನೆಯಲ್ಲಿ ಕಾಯಿಪಲ್ಯ ಯಾವ ತಿಂಗಳು ಇರುವುದೇ ಇಲ್ಲ, ಗುಳೆ ಹೋದವರು ಯಾವಾಗ ತಿರುಗಿ ಬರುತ್ತಾರೆ ಎಂಬುದನ್ನು ಜೋಡಿಸಲಿ. ಪ್ರಶ್ನೆ ಅಲ್ಲಿಂದ ಹುಟ್ಟಲಿ. ನಮ್ಮ ರಾಜ್ಯದಲ್ಲಿ ಇದಕ್ಕೆ ಮೇಲ್ಪಂಕ್ತಿ ಇಲ್ಲದೆ ಇಲ್ಲ: 1990ರ ದಶಕದಲ್ಲಿಯೇ ಕುಂದಾಪುರದ ಕಡೆ ಭೀಮಸಂಘದ ದುಡಿಯುವ ಮಕ್ಕಳು ತಮ್ಮ ಊರಿನ ಸಮಸ್ಯೆಗಳ ಮಾಹಿತಿಯನ್ನು ತಾವೇ ಕಲೆಹಾಕಿ ಪಂಚಾಯತಿಯ ಮುಂದೆ ಇಟ್ಟಿದ್ದರು. ಇಂದು ಗ್ರಾಮ ಪಂಚಾಯತಿಗಳಲ್ಲಿ ನಡೆಯುವ ಮಕ್ಕಳ ಗ್ರಾಮಸಭೆಯ ಹಿಂದೆ ಅಂಥ ಪ್ರಯತ್ನಗಳಿವೆ. ನಿಮ್ಮ ಅಧ್ಯಯನದ ಫಲಿತಾಂಶವನ್ನು ಮೊದಲು ಮಂಡಿಸುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ. ಅಲ್ಲಿ ಹೇಳಿದ್ದು ಪಂಚಾಯತಿಯ ನಡಾವಳಿ ಪುಸ್ತಕದಲ್ಲಿ ದಾಖಲಾಗುವಂತೆ ಮಾತ್ರ ಬೆನ್ನು ಬೀಳಬೇಕು.

ಉತ್ತರ 2: ಪದವಿ ವಿದ್ಯಾರ್ಥಿ, ದೇವದುರ್ಗ ತಾಲೂಕು

ಮೇಡಂ ಅವರಿಗೆ ನಮಸ್ಕಾರ. ನಾನು ಹದಿನೇಳು ವರ್ಷದವನಾಗಿದ್ದಾಗ ಒಂದು ಸಂಸ್ಥೆಯ ‘ಯುವ ಸಂಶೋಧಕ’ನಾಗಿದ್ದೆ. ಆದ್ದರಿಂದ ಏಣಿಯ ಕೆಳಗಿನ ಮೆಟ್ಟಿಲಿನ ಮೇಲೆ ನಿಂತವನ ಮಾತಾಗಿ ಇದನ್ನು ಓದಬೇಕೆಂದು ಕೋರುತ್ತೇನೆ.

ನಮಗೆ ಟೋಪಿ ಮತ್ತು ಟೀ ಶರ್ಟು ಕೊಟ್ಟಿದ್ದರು. ಎರಡು ದಿನ ತರಬೇತಿ ನಡೆಯಿತು. ಅದರಲ್ಲಿ ಒಂದೂವರೆ ದಿನ ಮೊಬೈಲಿನ ಆ್ಯಪಿನಲ್ಲಿ ಉತ್ತರಗಳನ್ನು ಹೇಗೆ ಒತ್ತಬೇಕು ಎಂಬುದನ್ನೇ ಕಲಿಸಿದರು. ನನಗೆ ಬಂದ ಮನೆಗಳಲ್ಲಿ ನಮ್ಮ ದೊಡ್ಡಪ್ಪನ ಮನೆಯೂ ಇತ್ತು. ಅಲ್ಲಿ ನಮ್ಮ ಅತ್ತಿಗೆಗೆ ಮುಟ್ಟಿನ ಬಗ್ಗೆ, ಎಷ್ಟು ಸಲ ಗರ್ಭ ನಿಂತಿತು, ಎಷ್ಟು ಸಲ ಇಳಿಯಿತು ಎಂಬುದರ ಬಗ್ಗೆ ನಾನು ಕೇಳಬೇಕಾಗಿತ್ತು. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದವರು ಹೊರಗೆ ಬರಲಿಲ್ಲ. ಆ್ಯಪ್ ಮುಂದಿನ ಪುಟಕ್ಕೆ ಹೋಗಲು ಬಿಡದ ಕಾರಣ ನಾನೇ ಏನೋ ಒಂದು ಉತ್ತರ ಒತ್ತಿದೆ. ಆ ವರದಿಯಲ್ಲಿ ನಮ್ಮ ಊರಿನ ಅಂಕಿ ಎಂದು ಏನಾದರೂ ಅಚ್ಚಾಗಿದ್ದರೆ ಅದರಲ್ಲಿ ನನ್ನ ಕಲ್ಪನೆಯ ಪಾಲೂ ಇದೆ. ವರದಿ ಅಚ್ಚಾಯಿತೇ ಎಂಬುದನ್ನು ಯಾರೂ ನನಗೆ ತಿಳಿಸಲಿಲ್ಲ. ಬೆರಳು ಚುಚ್ಚಿ ರಕ್ತ ಪರೀಕ್ಷೆ ಮಾಡಿದ್ದರು. ಅದರ ಫಲಿತಾಂಶದ ಚೀಟಿಯೂ ಯಾರ ಕೈಗೂ ಬರಲಿಲ್ಲ. ಓಣಿಯ ಹೆಣ್ಣುಮಕ್ಕಳು ಮುಂದಿನ ಎರಡು ವರ್ಷ ನನ್ನನ್ನು ಕಂಡಾಗಲೆಲ್ಲ ‘ನಮ್ಮ ರಗತ ಒಯ್ದ್ಯಲ್ಲಪಾ, ಏನಾತು?’ ಎಂದು ಕೇಳುತ್ತಿದ್ದರು. ಸಂಸ್ಥೆಯವರು ಜೀಪು ಹತ್ತಿ ಹೋದರು, ಊರಲ್ಲಿ ಉಳಿದವನು ನಾನು.

ಹಳ್ಳಿಯಲ್ಲಿ ಗುಟ್ಟು ಕಾಪಾಡುವುದು ಎಂದರೆ ಹೆಸರಿನ ಬದಲು ನಂಬರು ಹಾಕುವುದಲ್ಲ. ಕೇಳುವವನೇ ನಂಟನಾಗಿದ್ದರೆ ನಂಬರು ಏನು ಮಾಡೀತು? ಮನೆಯ ಒಳಗಿನ ವಿಷಯ ಕೇಳುವುದಿದ್ದರೆ ಈ ಊರಿನವರು ಆ ಊರಿಗೆ, ಆ ಊರಿನವರು ಈ ಊರಿಗೆ ಹೋಗಲಿ. ಹುಡುಗಿಯರನ್ನು ಹುಡುಗಿಯರೇ, ಇಬ್ಬಿಬ್ಬರಾಗಿ ಹೋಗಿ ಮಾತನಾಡಿಸಲಿ. ಇದಕ್ಕೆ ಖರ್ಚು ಹೆಚ್ಚು ಎಂದು ಸಂಸ್ಥೆಯವರು ಹೇಳುತ್ತಾರೆ, ಹೇಳಲಿ. ಖರ್ಚಿನ ಮಾತು ಬಂದದ್ದರಿಂದ ಇದನ್ನೂ ಸೇರಿಸುತ್ತೇನೆ: ನಮ್ಮ ಕಡೆ ರಜೆಯ ದಿನ ಹತ್ತಿ ಬಿಡಿಸಲು ಹೋದರೆ ಕಿಲೋ ಲೆಕ್ಕದಲ್ಲಿ ಕೂಲಿ ಸಿಗುತ್ತದೆ. ಅದನ್ನು ಬಿಟ್ಟು ಬರುವ ವಿದ್ಯಾರ್ಥಿಗೆ ಪ್ರಮಾಣಪತ್ರವೊಂದನ್ನೇ ಕೊಟ್ಟರೆ, ಕೂಲಿ ಬಿಡಲು ಶಕ್ತರಾದ ಮನೆಗಳ ಮಕ್ಕಳು ಮಾತ್ರ ಉಳಿದುಕೊಳ್ಳುತ್ತಾರೆ. ಬಸ್ಸಿನ ಖರ್ಚು, ಊಟ ಮತ್ತು ಆ ದಿನದ ಗೌರವಧನ ಎಷ್ಟು ಎಂಬುದನ್ನು ಮೊದಲೇ ಬರವಣಿಗೆಯಲ್ಲಿ ಪಡೆಯಬೇಕು.

ಕೊನೆಯದಾಗಿ ಒಂದು ಮಾತು, ತಪ್ಪಾಗಿ ತಿಳಿಯಬಾರದು. ನೀವು 20 ‘ವಿದ್ಯಾರ್ಥಿಗಳು’ ಎಂದು ಬರೆದಿದ್ದೀರಿ. ನಮ್ಮ ಊರಿನಲ್ಲಿ ನನ್ನೊಂದಿಗೆ ಏಳನೆಯ ತರಗತಿಯಲ್ಲಿ ಓದಿದ ಹುಡುಗಿಯರಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ಕೆಲವರೇ. ಉಳಿದವರಲ್ಲಿ ಕೆಲವರು ಹೊಲದ ಕೆಲಸದಲ್ಲಿದ್ದಾರೆ, ಕೆಲವರಿಗೆ ಮದುವೆಯಾಗಿದೆ, ಕೆಲವರು ಗುಳೆ ಹೋದ ತಂದೆತಾಯಿಯ ಜೊತೆ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋಗಿದ್ದಾರೆ. ಕಣ್ಣಿಗೆ ಕತ್ತಲೆ ಬಂದು ಹೊಲದಲ್ಲಿ ಕುಸಿದು ಕುಳಿತುಕೊಳ್ಳುವವರು ಅವರು. ಶಾಲೆ ಬಿಟ್ಟ ಹುಡುಗಿಯರಿಗೆ ಅಂಗನವಾಡಿಯಲ್ಲಿ ಗುಳಿಗೆ ಕೊಡಬೇಕೆಂಬ ನಿಯಮವಿದೆ; ಅದು ಅವರ ಕೈಗೆ ಬರುತ್ತದೆಯೇ ಎಂಬುದನ್ನು ಕಾಲೇಜಿನ ಅಂಗಳದಲ್ಲಿ ಕುಳಿತು ಕಂಡುಕೊಳ್ಳಲಾಗದು. ಅವರಲ್ಲಿ ಆರು ಮಂದಿಯನ್ನಾದರೂ ನಿಮ್ಮ ಗುಂಪಿಗೆ ಸೇರಿಸಿಕೊಳ್ಳಿ. ಓದಲು ಬರೆಯಲು ಬಾರದವರಿದ್ದರೂ ಪರವಾಗಿಲ್ಲ, ಹುಣಸೆ ಬೀಜ ಎಣಿಸಲು ಅಕ್ಷರ ಬೇಕಾಗಿಲ್ಲ.

ಉತ್ತರ 3: ಸಮುದಾಯ ವೈದ್ಯಶಾಸ್ತ್ರ ಅಧ್ಯಾಪಕ, ಬಳ್ಳಾರಿ

ಒಪ್ಪಿಗೆಯ ಪ್ರಶ್ನೆಗೆ ಯಾರೂ ಇನ್ನೂ ಉತ್ತರಿಸಿಲ್ಲವಾದ್ದರಿಂದ ಅದನ್ನೇ ಎತ್ತಿಕೊಳ್ಳುತ್ತೇನೆ. ಸಂಶೋಧನೆ ಆರಂಭವಾಗುವ ಮುನ್ನ ಅದರ ಅರ್ಜಿಯನ್ನು ನೋಡಿ ಅನುಮತಿ ಕೊಡುವ ಒಂದು ನೈತಿಕ ಪರಿಶೀಲನಾ ಸಮಿತಿಯಲ್ಲಿ ನಾನು ಕೆಲವು ವರ್ಷ ಕೆಲಸ ಮಾಡಿದ್ದೇನೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ 18 ತುಂಬದವರು ಸಂಶೋಧನೆಗೆ ಒಳಪಡುವಾಗ ತಂದೆ ಅಥವಾ ತಾಯಿಯ ಇಲ್ಲವೇ ಕಾನೂನುಬದ್ಧ ಪೋಷಕರ ಒಪ್ಪಿಗೆ ಬೇಕು. ಅದರ ಜೊತೆಗೆ 7ರಿಂದ 12 ವರ್ಷದವರ ಸಮ್ಮತಿಯನ್ನು ಬಾಯಿಮಾತಿನಲ್ಲಿ, 12ರಿಂದ 18 ವರ್ಷದವರ ಸಮ್ಮತಿಯನ್ನು ಅವರಿಗೆ ತಿಳಿಯುವಂಥ ಸರಳ ಬರವಣಿಗೆಯಲ್ಲಿ ಪಡೆಯಬೇಕು. ಅಪ್ಪ ಹೆಬ್ಬೆಟ್ಟು ಒತ್ತಿದ್ದಾನೆ ಎಂಬ ಕಾರಣಕ್ಕೆ ಮಗಳು ಒಪ್ಪಿದಂತೆ ಆಗುವುದಿಲ್ಲ. ಮಗಳು ಬೇಡ ಎಂದರೆ ಅಲ್ಲಿಗೆ ಮುಗಿಯಿತು. ನಿಮ್ಮ ಪ್ರಕರಣದಲ್ಲಿ ಇದು ಎರಡು ಸಲ ಅನ್ವಯವಾಗುತ್ತದೆ, ಏಕೆಂದರೆ ಉತ್ತರ ಕೊಡುವ ಹುಡುಗಿಯಂತೆ ಪ್ರಶ್ನೆ ಕೇಳುವ ನಿಮ್ಮ ವಿದ್ಯಾರ್ಥಿನಿಯೂ 18ರ ಒಳಗಿನವಳು. ಅವಳ ಮೇಲೆ ಬೀಳುವ ಭಾರವನ್ನು ಅರ್ಜಿಯಲ್ಲಿ ಬರೆಯುವವರು ಬಹಳ ಕಡಿಮೆ. ಇನ್ನು, ತಾವು ಉಪನ್ಯಾಸಕಿ ಎಂಬುದನ್ನು ಮರೆಯಬೇಡಿ: ಪ್ರಾಯೋಗಿಕ ಪರೀಕ್ಷೆಯ ಅಂಕ ಯಾರ ಕೈಯಲ್ಲಿದೆಯೋ ಅವರು ‘ಇಷ್ಟವಿದ್ದರೆ ಬನ್ನಿ’ ಎಂದರೆ ವಿದ್ಯಾರ್ಥಿಗೆ ಅದು ‘ಬರಲೇಬೇಕು’ ಎಂದೇ ಕೇಳಿಸುತ್ತದೆ. ಒಪ್ಪಿಗೆ ಕೇಳುವ ಕೆಲಸವನ್ನು ಬೇರೆಯವರಿಗೆ, ಸಾಧ್ಯವಾದರೆ ಕಾಲೇಜಿನ ಹೊರಗಿನವರಿಗೆ ವಹಿಸಿ.

ಎರಡನೆಯದು ಕಾನೂನಿಗೆ ಸಂಬಂಧಿಸಿದ್ದು. 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮಿನಂತೆ, 18ರೊಳಗಿನ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿರುವುದೇ 21ನೆಯ ಕಲಮಿನ ಕೆಳಗೆ ಶಿಕ್ಷಾರ್ಹ. ಹದಿನಾರು ವರ್ಷದ ಹುಡುಗಿ ಮದುವೆಯಾಗಿ ಬಸುರಿಯಾಗಿರುವ ಸಂಗತಿ ನಿಮ್ಮ ವಿದ್ಯಾರ್ಥಿನಿಯ ಮುಂದೆ ಬಂದರೆ ಅದೂ ಇದರ ವ್ಯಾಪ್ತಿಯಲ್ಲಿ ಬರುತ್ತದೆ. ಹಾಗಿರುವಾಗ ‘ನೀವು ಹೇಳಿದ್ದು ಯಾರಿಗೂ ಗೊತ್ತಾಗುವುದಿಲ್ಲ’ ಎಂದು ಮಾತು ಕೊಟ್ಟು ಸಂದರ್ಶನ ಆರಂಭಿಸುವುದು ಸುಳ್ಳಾಗುತ್ತದೆ. ಯಾವ ವಿಷಯವನ್ನು ಗುಟ್ಟಾಗಿ ಇಡಲು ಸಾಧ್ಯ, ಯಾವುದನ್ನು ಸಾಧ್ಯವಿಲ್ಲ ಎಂಬುದನ್ನು ಮೊದಲೇ ತಿಳಿಸಬೇಕು. ಇಂಥದ್ದು ಕಿವಿಗೆ ಬಿದ್ದಾಗ ವಿದ್ಯಾರ್ಥಿನಿ ಯಾರಿಗೆ ಹೇಳಬೇಕು ಎಂಬುದನ್ನೂ ಗೊತ್ತುಮಾಡಿರಬೇಕು. ಮಕ್ಕಳ ಸಹಾಯವಾಣಿ 1098ರ ಸಂಖ್ಯೆ ಪ್ರತಿಯೊಬ್ಬರ ಪುಸ್ತಕದ ಒಳಪುಟದಲ್ಲಿ ಇರಲಿ.

ಮೂರನೆಯದು ರಕ್ತ. ವಿದ್ಯಾರ್ಥಿಗಳು ಯಾವ ಕಾರಣಕ್ಕೂ ಬೆರಳು ಚುಚ್ಚಬಾರದು. ಪರೀಕ್ಷೆ ಬೇಕೇ ಆಗಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿ ಮಾಡಲಿ, ಫಲಿತಾಂಶ ಅದೇ ದಿನ ಆ ವ್ಯಕ್ತಿಯ ಕೈ ಸೇರಲಿ. ದೇವದುರ್ಗದ ತಮ್ಮ ಬರೆದಿರುವುದನ್ನು ಓದಿ ನನಗೆ ನಾಚಿಕೆಯಾಯಿತು, ಆದರೆ ಆಶ್ಚರ್ಯವಾಗಲಿಲ್ಲ. ಗರ್ಭಿಣಿಯಲ್ಲದ, 15 ದಾಟಿದ ಹೆಣ್ಣುಮಕ್ಕಳಲ್ಲಿ ಹಿಮೊಗ್ಲೋಬಿನ್ ಡೆಸಿಲೀಟರಿಗೆ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ; 8 ಗ್ರಾಂಗಿಂತ ಕಡಿಮೆ ಇದ್ದರೆ ಅದು ತೀವ್ರ ಸ್ವರೂಪದ್ದು. ಅಂಥವಳಿಗೆ ವಾರಕ್ಕೊಂದು ಗುಳಿಗೆ ಸಾಲದು, ಆಸ್ಪತ್ರೆಗೆ ಕಳುಹಿಸಲೇಬೇಕು. ಕಳುಹಿಸುವ ಏರ್ಪಾಡು ಇಲ್ಲದೆ ಅಳೆಯುವುದು ನನ್ನ ಮಟ್ಟಿಗೆ ಅನೈತಿಕ. ರಕ್ತಹೀನತೆಗೆ ಕಬ್ಬಿಣಾಂಶದ ಕೊರತೆಯೊಂದೇ ಕಾರಣ ಎಂಬ ಎಣಿಕೆಯೂ ಸರಿಯಲ್ಲ. ಬರಿಗಾಲಿನಲ್ಲಿ ಹೊಲದಲ್ಲಿ ತಿರುಗುವವರಲ್ಲಿ ಕೊಕ್ಕೆಹುಳು, ಊಟದಲ್ಲಿ ಬಿ12 ಜೀವಸತ್ವದ ಕೊರತೆ, ಮುಟ್ಟಿನ ಅತಿಸ್ರಾವ ಇವೂ ಸೇರಿಕೊಂಡಿರುತ್ತವೆ. ಅಲ್ಬೆಂಡಜೋಲ್ ಮಾತ್ರೆಯನ್ನು ವರ್ಷಕ್ಕೆ ಎರಡು ಸಲ ಕೊಡುವುದು ಈ ಹುಳುಗಳಿಗಾಗಿಯೇ.

ಉತ್ತರ 1ರವರೊಂದಿಗೆ ಒಂದು ವಿಷಯದಲ್ಲಿ ನನ್ನ ಭಿನ್ನಾಭಿಪ್ರಾಯವಿದೆ. ಪ್ರಶ್ನಾವಳಿಯನ್ನು ಬೀರುವಿನಲ್ಲಿಟ್ಟು ಒಂದು ತಿಂಗಳು ಮಕ್ಕಳೊಂದಿಗೆ ಕುಳಿತುಕೊಳ್ಳಿ ಎಂದಿದ್ದೀರಿ. ಸಮಿತಿಯ ಅನುಮತಿಗೆ ಮುಂಚೆಯೇ ಹಾಗೆ ಕುಳಿತು, ಅಲ್ಲಿ ಬಂದ ಮಾತನ್ನು ಆಮೇಲೆ ವರದಿಯಲ್ಲಿ ಬಳಸುವುದನ್ನು ನಾನು ಒಪ್ಪಲಾರೆ.

ಉತ್ತರ 1ರವರ ಮರುಮಾತು

ಡಾಕ್ಟರ್ ಸರ್, ಸಮಿತಿಯು ಮೊದಲ ದಿನವೇ ಪ್ರಶ್ನಾವಳಿಯ ಕೊನೆಯ ಪ್ರತಿಯನ್ನು ಕೇಳಿದರೆ ಮಕ್ಕಳು ಪ್ರಶ್ನೆ ರೂಪಿಸುವುದಕ್ಕೆ ಅವಕಾಶ ಎಲ್ಲಿ ಉಳಿಯಿತು? ನಾವು ಕಂಡುಕೊಂಡ ದಾರಿ ಎಂದರೆ ಅರ್ಜಿಯನ್ನೇ ಎರಡು ಹಂತ ಮಾಡುವುದು. ನಕ್ಷೆ, ಕಾಲಸೂಚಿ, ಗುಂಪುಮಾತು ಇಷ್ಟಕ್ಕೆ ಮೊದಲು ಅನುಮತಿ ಪಡೆದುಕೊಂಡು, ಅದರಿಂದ ಹುಟ್ಟಿದ ಪ್ರಶ್ನೆಗಳನ್ನು ತಿದ್ದುಪಡಿಯ ರೂಪದಲ್ಲಿ ಮತ್ತೆ ಸಮಿತಿಗೆ ಒಪ್ಪಿಸಿದೆವು. ಸಮಯ ಹಿಡಿಯಿತು, ಆದರೆ ಸಮಿತಿ ಬೇಡವೆನ್ನಲಿಲ್ಲ.

ಉತ್ತರ 3ರವರ ಮರುಮಾತು

ಹಾಗಾದರೆ ನನ್ನ ಆಕ್ಷೇಪಣೆ ಉಳಿಯುವುದಿಲ್ಲ. ಎರಡು ಹಂತದ ಅರ್ಜಿ ಸರಿಯಾದ ಕ್ರಮವೇ.

ಉತ್ತರ 4: ಆಶಾ ಕಾರ್ಯಕರ್ತೆ, ಸಿಂಧನೂರು ತಾಲೂಕು

ಮೇಡಂ, ಎಲ್ಲರೂ ದೊಡ್ಡ ವಿಷಯಗಳನ್ನು ಬರೆದಿದ್ದಾರೆ, ನನ್ನದು ಸಣ್ಣ ಮಾತು. ಹಿಂದೆ ಒಮ್ಮೆ ನಮ್ಮ ಊರಿನಲ್ಲಿ ಕಾಲೇಜಿನ ಮಕ್ಕಳು ಇಂಥದ್ದೇ ಸಮೀಕ್ಷೆ ಮಾಡಿದಾಗ, ಗುಳಿಗೆ ಸರಿಯಾಗಿ ಮುಟ್ಟಿಲ್ಲ ಎಂಬ ಸಂಗತಿ ಸಭೆಯಲ್ಲಿ ಹೊರಬಿತ್ತು. ಮೇಲಿನವರು ನನ್ನನ್ನು ನಿಲ್ಲಿಸಿ ಕೇಳಿದರು. ಆ ಎರಡು ತಿಂಗಳು ದಾಸ್ತಾನೇ ಬಂದಿರಲಿಲ್ಲ ಎಂಬುದನ್ನು ಸಮೀಕ್ಷೆ ಮಾಡಿದ ಮಕ್ಕಳು ಕೇಳಿರಲಿಲ್ಲ, ನಾನು ಹೇಳಿದ್ದನ್ನು ಮೇಲಿನವರು ಕೇಳಲಿಲ್ಲ. ದಯವಿಟ್ಟು ಮೊದಲ ದಿನವೇ ಆಶಾ, ಅಂಗನವಾಡಿ ಕಾರ್ಯಕರ್ತೆ, ಬಿಸಿಯೂಟದ ಅಕ್ಕ ಇವರನ್ನೂ ಕರೆದು ಕೂರಿಸಿಕೊಳ್ಳಿ, ದಾಸ್ತಾನಿನ ಪುಸ್ತಕವನ್ನೂ ಮಕ್ಕಳಿಗೆ ತೋರಿಸಿ. ಮತ್ತೊಂದು, ನಮ್ಮ ಕಾಲುವೆಯ ಕೆಳಗಿನ ಊರುಗಳಲ್ಲಿ ಭತ್ತದ ನಾಟಿ ನಡೆಯುವಾಗ ಯಾರೂ ಮನೆಯಲ್ಲಿ ಇರುವುದಿಲ್ಲ. ನಿಮ್ಮ ಕಡೆ ಹತ್ತಿ ಮತ್ತು ತೊಗರಿಯ ಲೆಕ್ಕ ನೋಡಿ ದಿನ ಇಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರು, ಮೂರು ವಾರಗಳ ನಂತರ

ಇಷ್ಟು ವಿವರವಾಗಿ ಉತ್ತರಿಸಿದ ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ನಡುವೆ ಕಿರುಪರೀಕ್ಷೆಗಳು ಬಂದವು.

ಸಂಸ್ಥೆಗೆ ಪತ್ರ ಬರೆದಿದ್ದೇನೆ. ಎರಡು ಹಂತದ ಅರ್ಜಿ, ಬರವಣಿಗೆಯಲ್ಲಿ ಗೌರವಧನ, ಮಕ್ಕಳ ಗ್ರಾಮಸಭೆಯಲ್ಲಿ ಮೊದಲ ಮಂಡನೆ, ವರದಿ ಅಚ್ಚಿಗೆ ಹೋಗುವ ಮುನ್ನ ಗುಂಪಿನ ಒಪ್ಪಿಗೆ ಎಂಬ ನಾಲ್ಕು ಷರತ್ತುಗಳನ್ನು ಮುಂದಿಟ್ಟಿದ್ದೇನೆ. ಮೊದಲ ಎರಡಕ್ಕೆ ಆಗಬಹುದು ಎಂದಿದ್ದಾರೆ, ಉಳಿದ ಎರಡರ ಬಗ್ಗೆ ಮಾತೇ ಇಲ್ಲ. ಅವರು ಒಪ್ಪಿದ ಮೇಲೆಯೇ ಅರ್ಜಿ ಹೋಗುತ್ತದೆ. ಅಲ್ಲಿಯವರೆಗೆ ಯಾರಿಂದಲೂ ಮಾಹಿತಿ ಸಂಗ್ರಹಿಸುವುದಿಲ್ಲ.

ಆದರೆ ಗುಂಪು ಕಟ್ಟುವುದಕ್ಕೆ ಅನುಮತಿ ಬೇಕಿಲ್ಲವಲ್ಲ ಎಂದು ಕಳೆದ ಭಾನುವಾರ ಗ್ರಾಮ ಪಂಚಾಯತಿಯ ಅರಿವು ಕೇಂದ್ರದಲ್ಲಿ ಸೇರಿದೆವು. ಕಾಲೇಜಿನವರು ಹನ್ನೊಂದು ಮಂದಿ ಬಂದಿದ್ದರು, ಶಾಲೆ ಬಿಟ್ಟ ಹುಡುಗಿಯರು ಐವರು. ಈ ಐವರನ್ನು ಕರೆತಂದವರು ಆಶಾ ಅಕ್ಕ. ಅವರಲ್ಲಿ ಇಬ್ಬರ ತಾಯಂದಿರೂ ಜೊತೆಗೆ ಬಂದು ಬಾಗಿಲ ಹತ್ತಿರವೇ ಕುಳಿತಿದ್ದರು. ದೇವದುರ್ಗದ ತಮ್ಮನ ಉತ್ತರವನ್ನು ಗಟ್ಟಿಯಾಗಿ ಓದಿ ಹೇಳಿದೆ. ನಂತರ ನಾನು ಬರೆದುಕೊಂಡು ಹೋಗಿದ್ದ ‘ವಿದ್ಯಾರ್ಥಿನಿಯರು ಗುಳಿಗೆಯನ್ನು ಏಕೆ ಎಸೆಯುತ್ತಾರೆ?’ ಎಂಬ ಪ್ರಶ್ನೆಯನ್ನು ಅವರ ಮುಂದಿಟ್ಟೆ. ಎಂಟನೆಯ ತರಗತಿಗೆ ಶಾಲೆ ಬಿಟ್ಟ ಹುಡುಗಿಯೊಬ್ಬಳು ‘ಒಗಿಯೂದು ಅಂದ್ರ ನಮ್ಮದ ತಪ್ಪು ಅಂದಂಗಾತಲ್ಲರೀ’ ಎಂದಳು. ಒಂದಷ್ಟು ಹೊತ್ತು ಚರ್ಚೆ ನಡೆದು ಪ್ರಶ್ನೆ ‘ಗುಳಗಿ ನುಂಗಾಕ ಏನೇನು ಅಡ್ಡ ಬರ್ತಾವ?’ ಎಂದಾಯಿತು. ಅದನ್ನು ಅವಳ ಮಾತಿನಲ್ಲಿಯೇ, ತಿದ್ದದೆ, ಅರ್ಜಿಯಲ್ಲಿ ಬರೆಯಬೇಕೆಂದಿದ್ದೇನೆ. ಸಮಿತಿಯವರು ಇದಕ್ಕೆ ಏನೆನ್ನುತ್ತಾರೋ ಬಳ್ಳಾರಿಯ ಡಾಕ್ಟರ್ ಸರ್ ಅವರೇ ಹೇಳಬೇಕು.

ಆಮೇಲೆ ಅಭ್ಯಾಸಕ್ಕೆಂದು ರಂಗೋಲಿ ಪುಡಿಯಲ್ಲಿ ನಮ್ಮ ಕಾಲೇಜಿನ ಆವರಣದ್ದೇ ನಕ್ಷೆ ಬರೆಸಿದೆ. ಹುಡುಗರು ಕಚೇರಿ, ತರಗತಿ, ಆಟದ ಬಯಲು ಬರೆದರು. ಹುಡುಗಿಯರು ನೀರಿನ ತೊಟ್ಟಿಯಿಂದ ಶೌಚಾಲಯದವರೆಗೆ ಒಂದು ದಾರಿ ಎಳೆದು, ಅದರ ತುದಿಯಲ್ಲಿ ಗುಣಾಕಾರದ ಚಿಹ್ನೆ ಹಾಕಿದರು. ತೊಟ್ಟಿಯ ನೀರು ಸವಳು, ಬಾಯಿಗೆ ಹಾಕಲಾಗುವುದಿಲ್ಲ. ಮನೆಯಿಂದ ಬಾಟಲಿ ತರಬಹುದು, ಆದರೆ ಹೆಚ್ಚು ನೀರು ಕುಡಿದರೆ ಶೌಚಾಲಯಕ್ಕೆ ಹೋಗಬೇಕಾಗುತ್ತದೆ, ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ. ಆದ್ದರಿಂದ ಅವರು ಬಾಟಲಿಯನ್ನೇ ತರುವುದಿಲ್ಲ, ಗುಳಿಗೆ ಕೈಗೆ ಬಂದಾಗ ಅದನ್ನು ನುಂಗಲು ಒಂದು ಗುಟುಕು ನೀರೂ ಇರುವುದಿಲ್ಲ. ಒಂಬತ್ತು ವರ್ಷಗಳಿಂದ ಅದೇ ಅಂಗಳದಲ್ಲಿ ಓಡಾಡುತ್ತಿರುವ ನನಗೆ ಆ ಚಿಲಕದ ವಿಷಯ ಗೊತ್ತಿರಲಿಲ್ಲ. ಸಿಬ್ಬಂದಿಯ ಶೌಚಾಲಯ ಬೇರೆ ಇದೆ.

ಚಿಲಕಕ್ಕಾಗಿ ಸಂಶೋಧನೆ ಮುಗಿಯುವವರೆಗೆ ಕಾಯುವುದು ಬೇಡವೆಂದು ಸೋಮವಾರ ಬೆಳಿಗ್ಗೆ ನಾನೇ ಬಡಿಗೇರನನ್ನು ಕರೆಸಿ ಹಾಕಿಸಿದೆ. ಇದರಿಂದ ಅಧ್ಯಯನದ ಫಲಿತಾಂಶ ಕೆಡುತ್ತದೆ ಎಂದು ಯಾರಾದರೂ ಹೇಳುವುದಾದರೆ ದಯವಿಟ್ಟು ತಿಳಿಸಿ, ಅರ್ಜಿಯಲ್ಲಿ ಅದನ್ನೂ ಬರೆಯುತ್ತೇನೆ.

ಉತ್ತರ 2ರವರ ಮರುಮಾತು

ಮೇಡಂ, ಮುಂದಿನ ಭಾನುವಾರ ಎಷ್ಟು ಗಂಟೆಗೆ ಸೇರುತ್ತೀರಿ? ದೇವದುರ್ಗದಿಂದ ಬೆಳಗಿನ ಬಸ್ಸಿಗೆ ಹೊರಟರೆ ಹನ್ನೊಂದರೊಳಗೆ ಬಂದು ಮುಟ್ಟಬಲ್ಲೆ. ಬಸ್ಸಿನ ಖರ್ಚು ನನ್ನದೇ ಇರಲಿ.